ಪ್ರೊಸೆಸರ್ ಮತ್ತೆ ಮತ್ತೆ ಹೋಗುತ್ತಿದೆಯಾ? ಮೂರನೆಯದು ತರುವ ಮುಂಚೆ ಇಷ್ಟು ನೋಡಿ

"ಮಾವ, ಎರಡನೇದೂ ಹೋಯ್ತು."

ಅಕ್ಕನ ಮಗ ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿ ಹೀಗೆ ಶುರು ಮಾಡಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಹೋಗಿದ್ದು ಕಂಪ್ಯೂಟರಿನ ಪ್ರೊಸೆಸರ್ ಅಂತ ಗೊತ್ತಾದ ಮೇಲೆ ಕಾಫಿ ಲೋಟ ಮತ್ತೆ ಕೈಗೆತ್ತಿಕೊಂಡೆ.

ಅವನದು ಸಾಗರದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಕೆಲಸ. ಕಂಪ್ಯೂಟರ್ ಅವನೇ ಜೋಡಿಸಿಕೊಂಡಿದ್ದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇಡೀ ದಿನ ಸುತ್ತಿ, ಒಂದೊಂದು ಭಾಗ ಒಂದೊಂದು ಕಡೆ ಚೌಕಾಸಿ ಮಾಡಿ ತಂದಿದ್ದ. ಪ್ರೊಸೆಸರ್ ಟ್ರೇ ಪೀಸು, ಅಂದರೆ ಡಬ್ಬಿ ಇಲ್ಲದ್ದು, ಕಂಪನಿ ವಾರಂಟಿಯೂ ಇಲ್ಲದ್ದು. ಏಳು ತಿಂಗಳಲ್ಲಿ ಅಂಥವು ಎರಡು ಹೋಗಿದ್ದವು. ಎರಡು ಸಲವೂ ಒಂದೇ ತರ. ರಾತ್ರಿ ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಫೈಲ್ ಮಾಡುವುದಕ್ಕೆ) ಹಾಕಿ ಮಲಗಿದ್ದಾನೆ, ಬೆಳಿಗ್ಗೆ ನೋಡಿದರೆ ಮಷಿನ್ ಸತ್ತು ಕೂತಿದೆ. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಬಣ್ಣದ ಲೈಟೆಲ್ಲ ಉರಿಯುತ್ತದೆ, ಡಿಸ್‌ಪ್ಲೇ ಮಾತ್ರ ಇಲ್ಲ. ಮದರ್‌ಬೋರ್ಡಿನ ಮೂಲೆಯಲ್ಲಿ 'ಸಿಪಿಯು', ಅಂದರೆ ಪ್ರೊಸೆಸರ್, ಅಂತ ಬರೆದ ಕಡೆ ಸಾಸಿವೆ ಕಾಳಿನಷ್ಟು ಕೆಂಪು ದೀಪ.

ಮೊದಲ ಸಲ ಊರಿನ ಅಂಗಡಿಯವರು ಬೇರೆ ಪ್ರೊಸೆಸರ್ ಹಾಕಿದರು, ಓಡಿತು. ನಾಲ್ಕು ತಿಂಗಳಿಗೆ ಮತ್ತೆ ಅದೇ ಕಥೆ. ಈಗ ಮೂರನೆಯದಕ್ಕೆ ದುಡ್ಡು ಹಾಕಲಾ ಅಂತ ಕೇಳುತ್ತಿದ್ದ.

"ಹಾಕಬೇಡ ಮಾರಾಯ. ಹಳೇ ಎರಡನ್ನೂ ಎತ್ತಿಟ್ಟುಕೋ, ಯಾರಿಗೂ ಕೊಡಬೇಡ. ಭಾನುವಾರ ಬರ್ತೀನಿ" ಅಂದೆ.

ಆ ಭಾನುವಾರ ಮುಗಿಯಲಿಲ್ಲ, ಮೂರು ಭಾನುವಾರ ಆಯಿತು. ನಡುವೆ ನಾನೂ ಒಂದು ಸಲ ದಾರಿ ತಪ್ಪಿದೆ. ಅದನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ, ಏಕೆಂದರೆ ನೀವೂ ಅಲ್ಲೇ ತಪ್ಪುವ ಸಾಧ್ಯತೆ ಜಾಸ್ತಿ.

ನಿಜವಾಗಿ ಸತ್ತಿದೆಯಾ?

ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಕೊನೆಗೆ ಕೈಕೊಡುವ ಭಾಗ ಪ್ರೊಸೆಸರ್. ನಾನು ಇಷ್ಟು ವರ್ಷ ರಿಪೇರಿಗೆ ಕೈ ಹಾಕಿದ ಮಷಿನ್‌ಗಳಲ್ಲಿ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಹೋಗಿವೆ, ಹಾರ್ಡ್ ಡಿಸ್ಕ್ ಹೋಗಿವೆ, ಬೋರ್ಡು ಹೋಗಿವೆ, ರ‍್ಯಾಮ್ ಹೋಗಿವೆ. ತಾನಾಗಿ ಸತ್ತ ಪ್ರೊಸೆಸರ್ ಬೆರಳೆಣಿಕೆಯಷ್ಟು. ಅದರಲ್ಲಿ ತಿರುಗುವ ಭಾಗ ಇಲ್ಲ, ಬಿಸಿಯಾದರೆ ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ. ಹಾಗಿರುವಾಗ ಒಂದೇ ಮನೆಯಲ್ಲಿ, ಒಂದೇ ಬೋರ್ಡಿನ ಮೇಲೆ, ಒಂದೇ ವರ್ಷದಲ್ಲಿ ಎರಡು ಸತ್ತವು ಅಂದರೆ ಏನೋ ಅವನ್ನು ಕೊಲ್ಲುತ್ತಿರಬೇಕು, ಇಲ್ಲವೇ ಅವು ಸತ್ತೇ ಇಲ್ಲ. ಈ ಎರಡನೆಯ ಸಾಧ್ಯತೆಯನ್ನು ಪರೀಕ್ಷೆ ಮಾಡುವುದಕ್ಕೆ ದುಡ್ಡು ಬೇಕಿಲ್ಲ. ಅದಕ್ಕೇ ಅಲ್ಲಿಂದ ಶುರು.

ಸಿಪಿಯು ದೀಪವನ್ನು ಜನ 'ಪ್ರೊಸೆಸರ್ ಹೋಗಿದೆ' ಅಂತ ಓದುತ್ತಾರೆ. ಅದು ಹೇಳುವುದು ಅಷ್ಟಲ್ಲ. ಬೋರ್ಡು ಕರೆಯಿತು, ಪ್ರೊಸೆಸರ್ ಓಗೊಡಲಿಲ್ಲ, ಅಷ್ಟೇ. ಬಾಗಿಲು ಬಡಿದಾಗ ಒಳಗಿಂದ ಸದ್ದಿಲ್ಲ ಅಂದಮಾತ್ರಕ್ಕೆ ಒಳಗಿದ್ದವರು ತೀರಿಕೊಂಡರು ಅನ್ನುತ್ತೇವಾ? ಪ್ರೊಸೆಸರಿಗೆ ಕರೆಂಟೇ ಹೋಗದಿದ್ದರೂ ಆ ದೀಪ ಉರಿಯುತ್ತದೆ. ಸಾಕೆಟ್ಟಿನಲ್ಲಿ ಒಂದು ಪಿನ್ ಬಗ್ಗಿದ್ದರೂ ಉರಿಯಬಹುದು. ಬಯೋಸ್ (ಆನ್ ಮಾಡಿದ ಕೂಡಲೇ ಬೋರ್ಡಿನಲ್ಲಿ ಮೊದಲು ಓಡುವ ಸಣ್ಣ ಪ್ರೋಗ್ರಾಂ) ಹಳೆಯದಾಗಿ ಹೊಸ ಪ್ರೊಸೆಸರನ್ನು ಗುರುತಿಸದಿದ್ದರೂ ಉರಿಯುತ್ತದೆ. ಕೆಲವು ಬೋರ್ಡುಗಳಲ್ಲಿ ರ‍್ಯಾಮ್ ಸರಿಯಾಗಿ ಕೂರದಿದ್ದರೂ ಇದೇ ದೀಪ.

ಇನ್ನೊಂದು ಪ್ರಶ್ನೆ ಮುಖ್ಯ. ಅಂಗಡಿಯವರು ಪ್ರೊಸೆಸರ್ ಬದಲಿಸಿದಾಗ ಅದರ ಜೊತೆ ಇನ್ನೇನೇನು ಬದಲಾಯಿತು? ಪ್ರೊಸೆಸರನ್ನು ತಣ್ಣಗಿಡುವ ಕೂಲರ್ ಬಿಚ್ಚಿ ಮತ್ತೆ ಕೂರಿಸಿದರು. ಅವೆರಡರ ನಡುವೆ ಹಚ್ಚುವ ಪೇಸ್ಟ್ ಹೊಸದಾಯಿತು. ರ‍್ಯಾಮ್ ಕಿತ್ತು ಹಾಕಿರಬಹುದು. ಬ್ಯಾಟರಿ ತೆಗೆದು ಬಯೋಸ್ ಸೆಟ್ಟಿಂಗ್ ಮೊದಲಿನಂತೆ ಮಾಡಿರಬಹುದು. ಪ್ರತಿಯೊಂದು ಕೇಬಲ್ಲನ್ನೂ ಎಳೆದು, ಮತ್ತೆ ಚುಚ್ಚಿರುತ್ತಾರೆ. ಆಮೇಲೆ ಮಷಿನ್ ಓಡಿತು ಅಂದರೆ ಇವುಗಳಲ್ಲಿ ಯಾವುದರಿಂದ ಓಡಿತು ಅಂತ ಯಾರಿಗೆ ಗೊತ್ತು? 'ಪ್ರೊಸೆಸರ್ ಬದಲಿಸಿದೆ, ಸರಿಯಾಯ್ತು' ಅನ್ನುವುದು ಸಾಕ್ಷಿಯಲ್ಲ. ಹಳೆಯ ಪ್ರೊಸೆಸರನ್ನೇ ತೆಗೆದು ಅದನ್ನೇ ವಾಪಸ್ ಹಾಕಿ ನೋಡಿದ್ದರೆ ಸಾಕ್ಷಿ ಆಗುತ್ತಿತ್ತು. ಅದನ್ನು ಅಂಗಡಿಯಲ್ಲಿ ಯಾರೂ ಮಾಡುವುದಿಲ್ಲ.

ಹಾಗಾಗಿ ಶಿವಮೊಗ್ಗದಿಂದ ಹೊರಡುವಾಗ ನನ್ನ ಹಳೇ ಬೋರ್ಡೊಂದನ್ನು ಚೀಲಕ್ಕೆ ಹಾಕಿಕೊಂಡೆ. ಅದೇ ಸಾಕೆಟ್ಟಿನದು. ಅವನ ಪ್ರೊಸೆಸರ್ ಅದರಲ್ಲಿ ಓಡುತ್ತದಾ ಅಂತ ಬೋರ್ಡಿನ ಕಂಪನಿಯ ಪಟ್ಟಿಯಲ್ಲಿ ಮೊದಲೇ ನೋಡಿಕೊಂಡಿದ್ದೆ. ಇದನ್ನು ಮರೆತರೆ ಚೆನ್ನಾಗಿರುವ ಪ್ರೊಸೆಸರಿಗೂ ಮರಣಪತ್ರ ಬರೆದುಬಿಡುತ್ತೀರಿ.

ಪಡಸಾಲೆಯ ಕಿಟಕಿ ಹತ್ತಿರ ರಟ್ಟಿನ ಡಬ್ಬಿಯ ಮೇಲೆ ಬೋರ್ಡು ಇಟ್ಟೆವು. ಕ್ಯಾಬಿನೆಟ್ ಬೇಡ. ಬೋರ್ಡು, ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್, ಎಸ್‌ಎಂಪಿಎಸ್, ಮಾನಿಟರ್. ಶುರುವಿಗೆ ಹಾರ್ಡ್ ಡಿಸ್ಕ್ ಕೂಡ ಬೇಡ. ಪ್ರೊಸೆಸರ್ ಹಾಕುವ ಮುಂಚೆ ತಿರುಗಿಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಪಿನ್ನುಗಳ ಸಾಲು ನೋಡಿದೆ. ಭತ್ತದ ಗದ್ದೆಯ ನಾಟಿ ಸಾಲಿನಂತೆ ಎಲ್ಲ ನೇರ ಇರಬೇಕು. ಎರಡನೆಯದರಲ್ಲಿ ಮೂಲೆಯ ಒಂದು ಪಿನ್ ತುಸು ವಾಲಿತ್ತು. ಸೀಸ ತೆಗೆದ ಕ್ಲಿಕ್ ಪೆನ್ಸಿಲ್ಲಿನ ತುದಿಯನ್ನು ಆ ಪಿನ್ನಿಗೆ ತೊಡಿಸಿ ಮೆಲ್ಲಗೆ ನೇರ ಮಾಡಿದೆ. ಪಿನ್ನು ಪ್ರೊಸೆಸರಿನಲ್ಲಿದ್ದರೆ ಈ ಉಪಾಯ ನಡೆಯುತ್ತದೆ. ಈಗಿನ ಹೆಚ್ಚಿನ ಬೋರ್ಡುಗಳಲ್ಲಿ ಪಿನ್ನು ಇರುವುದು ಸಾಕೆಟ್ಟಿನಲ್ಲಿ. ಅವು ಕೂದಲಿನಷ್ಟು ನವಿರು. ಮೊಬೈಲಿನಲ್ಲಿ ಹತ್ತಿರದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಬಗ್ಗಿದ್ದರೆ ಕೈ ನಡುಗದವರ ಹತ್ತಿರ ಕೊಡಿ.

ಮೊದಲ ಪ್ರೊಸೆಸರ್ ಹಾಕಿದೆವು. ಪವರ್ ಸ್ವಿಚ್ಚಿನ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿದೆ. ಇಪ್ಪತ್ತು ಸೆಕೆಂಡ್ ಏನೂ ಇಲ್ಲ. ಆಮೇಲೆ ಬಯೋಸ್ ಪರದೆ ಬಂತು. ಎರಡನೆಯದು ಹಾಕಿದೆವು, ಅದೂ ಬಂತು. ಒಂದೊಂದನ್ನೂ ಒಂದೊಂದು ಗಂಟೆ ಪೂರ್ತಿ ಲೋಡ್ ಕೊಟ್ಟು ಓಡಿಸಿದೆವು. ಒಂದೂ ತಪ್ಪಿಲ್ಲ.

ಅಕ್ಕನ ಮಗ ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತ ನಿಂತ. ಹತ್ತಿರ ಹತ್ತಿರ ಹದಿನೈದು ಸಾವಿರ ರೂಪಾಯಿ ಅವನ ಅಂಗೈಯಲ್ಲೇ ಇತ್ತು.

ಮಷಿನ್ ಏನು ಬರೆದಿಟ್ಟಿದೆ

ಅವುಗಳಲ್ಲಿ ಒಂದನ್ನು ಅವನ ಬೋರ್ಡಿಗೆ ವಾಪಸ್ ಹಾಕಿದೆವು. ಅದೂ ಓಡಿತು! ದೋಷ ಕಣ್ಣೆದುರಿನಿಂದ ಮಾಯ. ಇಂಥ ಹೊತ್ತಿನಲ್ಲಿ 'ಸರಿಹೋಯ್ತಲ್ಲ' ಅಂತ ಎದ್ದು ಬರಬಾರದು. ವಿಂಡೋಸ್ ಓಡುತ್ತಿದೆ ಅಂದಮೇಲೆ ಇವೆಂಟ್ ವ್ಯೂವರ್ ತೆಗೆದು, ಸಿಸ್ಟಮ್ ಲಾಗ್ ಓದಬೇಕು.

ಅಲ್ಲಿ ಎರಡು ಹೆಸರು ಹುಡುಕಿ. ಒಂದು 'ಕರ್ನಲ್ ಪವರ್ 41'. ಇದು ಬರೀ 'ನಾನು ಸರಿಯಾಗಿ ಶಟ್‌ಡೌನ್ ಆಗಲಿಲ್ಲ' ಅನ್ನುವ ದೂರು. ಕರೆಂಟ್ ಹೋದರೂ ಬರುತ್ತದೆ, ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಬರುತ್ತದೆ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ ಅಂತ ಇರುತ್ತದೆ. ಅದು ಸೊನ್ನೆ ಇದ್ದರೆ ನೀಲಿ ಪರದೆ ಬರುವುದಕ್ಕೂ ಪುರುಸೊತ್ತು ಸಿಕ್ಕಿಲ್ಲ, ಮಷಿನ್ ಪಟ್ಟನೆ ನಿಂತಿದೆ ಅಂತ ಅರ್ಥ. ಇನ್ನೊಂದು 'ವೀಯಾ ಲಾಗರ್' (WHEA-Logger). ಅದರಲ್ಲಿ 18 ಬಂದಿದ್ದರೆ ಪ್ರೊಸೆಸರ್ ತನ್ನೊಳಗೆ ಸರಿಪಡಿಸಲಾಗದ ತಪ್ಪು ಕಂಡಿದೆ ಅಂತ. 19 ಬಂದಿದ್ದರೆ ತಪ್ಪು ಕಂಡು ತಾನೇ ಸರಿ ಮಾಡಿಕೊಂಡಿದೆ. ಪ್ರೊಸೆಸರ್ ನಿಜಕ್ಕೂ ಹಾಳಾಗುತ್ತ ಬಂದರೆ ಹೆಚ್ಚಾಗಿ ಹೀಗೆ ಮೊದಲು ಕೆಮ್ಮುತ್ತದೆ. ನೀಲಿ ಪರದೆ ಬರುತ್ತದೆ, ಜಿಪ್ ಫೈಲ್ ಬಿಚ್ಚುವಾಗ ಎರರ್ ಬರುತ್ತದೆ, ಪ್ರೋಗ್ರಾಂ ಸುಮ್ನೆ ಮುಚ್ಚಿಕೊಳ್ಳುತ್ತದೆ.

ಅವನ ಲಾಗಿನಲ್ಲಿ 41 ಹನ್ನೊಂದು ಸಲ ಇತ್ತು. ಹೆಚ್ಚಿನವು ರಾತ್ರಿ ಹೊತ್ತು, ರೆಂಡರ್ ನಡುವೆ. ಎಲ್ಲದರಲ್ಲೂ ಬಗ್‌ಚೆಕ್ ಸೊನ್ನೆ. ವೀಯಾ ಒಂದೂ ಇಲ್ಲ. ಅಂದರೆ ಪ್ರೊಸೆಸರ್ ಕೆಮ್ಮಿಯೇ ಇಲ್ಲ. ಯಾರೋ ಅದರ ಉಸಿರು ಕಟ್ಟಿದ್ದಾರೆ.

ನಾನು ದಾರಿ ತಪ್ಪಿದ್ದು

ಕರೆಂಟಿನ ಕಡೆ ಅನುಮಾನ ತಿರುಗಿತು. ಸರಿಯಾಗೇ ತಿರುಗಿತು, ಆದರೆ ನಾನು ಹಿಡಿದದ್ದು ಬೇರೆ ತುದಿ.

ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಂ ಅನ್ನುತ್ತಿತ್ತು. ಟೆಸ್ಟರ್ ಇಟ್ಟರೆ ಮಿಣುಕಿತು. ಮಲ್ಟಿಮೀಟರಿನ ಒಂದು ಕಡ್ಡಿ ಕ್ಯಾಬಿನೆಟ್ಟಿಗೆ, ಇನ್ನೊಂದು ಬಚ್ಚಲಿನ ಕಬ್ಬಿಣದ ನಲ್ಲಿಗೆ ಹಿಡಿದೆ. 108 ವೋಲ್ಟ್! ಗೋಡೆಯ ಸಾಕೆಟ್ಟಿನ ಮೇಲಿನ ತೂತಿನ ಹಿಂದೆ ವೈರೇ ಇರಲಿಲ್ಲ. ಅರ್ತಿಂಗ್ ಅನ್ನುವುದು ಆ ಕಟ್ಟಡಕ್ಕೆ ಗೊತ್ತೇ ಇಲ್ಲ.

ಇದು ಏಕೆ ಹಾಗೆ ಅಂದರೆ, ಎಸ್‌ಎಂಪಿಎಸ್ ಒಳಗೆ ಲೈನಿನಿಂದ ಲೋಹದ ಬಾಡಿಯ ಕಡೆ ಒಂದು, ನ್ಯೂಟ್ರಲ್‌ನಿಂದ ಬಾಡಿಯ ಕಡೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಕರೆಂಟಿನ ಗದ್ದಲವನ್ನು ಭೂಮಿಗೆ ಇಳಿಸುವುದು ಅವುಗಳ ಕೆಲಸ. ಅರ್ತಿಂಗ್ ಇಲ್ಲದಿದ್ದರೆ ಇಳಿಯುವುದಕ್ಕೆ ಜಾಗವಿಲ್ಲ. ಬಾಡಿ 230ರ ಅರ್ಧಕ್ಕೆ, ಸುಮಾರು 115 ವೋಲ್ಟಿಗೆ ತೇಲುತ್ತದೆ. ಕರೆಂಟ್ ತೀರಾ ಕಮ್ಮಿ, ಅದಕ್ಕೇ ಶಾಕ್ ಅಲ್ಲ, ಬರೀ ಜುಂ.

ಸಿಕ್ಕಿತು ಅಂತ ಖುಷಿಪಟ್ಟೆ. ಎಲೆಕ್ಟ್ರಿಷಿಯನ್ ಕರೆಸಿ, ಹಿತ್ತಲಲ್ಲಿ ಗುಂಡಿ ತೋಡಿಸಿ, ಜಿಐ ಪೈಪ್ ನಿಲ್ಲಿಸಿ, ಇದ್ದಿಲು ಉಪ್ಪು ತುಂಬಿಸಿ, ಸ್ಟುಡಿಯೋಗೆ ವೈರ್ ಎಳೆಸಿದೆವು. ಮುಂದಿನ ಭಾನುವಾರ ಅಳೆದಾಗ ಲೈನ್ ನ್ಯೂಟ್ರಲ್ ನಡುವೆ 228, ಲೈನ್ ಅರ್ತ್ ನಡುವೆ 227, ನ್ಯೂಟ್ರಲ್ ಅರ್ತ್ ನಡುವೆ 1.3. ಚೊಕ್ಕ. ಹನ್ನೆರಡು ದಿನಕ್ಕೆ ಮಷಿನ್ ಮತ್ತೆ ಕೆಂಪು ದೀಪ ಹಚ್ಚಿಕೊಂಡು ಕೂತಿತು.

ಅರ್ತಿಂಗ್ ಮಾಡಿಸಿದ್ದು ದಂಡ ಅಂತ ನಾನು ಹೇಳುವುದಿಲ್ಲ. ಬಾಡಿ ತೇಲುತ್ತಿರುವಾಗ ಎಚ್‌ಡಿಎಂಐ ಕೇಬಲ್ಲನ್ನೋ ಲ್ಯಾನ್ ಕೇಬಲ್ಲನ್ನೋ ಚುಚ್ಚಿದರೆ ಆ ವೋಲ್ಟೇಜ್ ಪೋರ್ಟಿನ ಮೂಲಕ ದಾರಿ ಹುಡುಕುತ್ತದೆ. ಪೋರ್ಟ್ ಸುಡುವುದು ಹಾಗೆಯೇ. ಆದರೆ ಪೋರ್ಟ್ ಸುಡುವುದು ಬೇರೆ, ಪ್ರೊಸೆಸರ್ ಓಗೊಡದಿರುವುದು ಬೇರೆ. ಕಣ್ಣಿಗೆ ಬಿದ್ದ ಮೊದಲ ತಪ್ಪನ್ನೇ ಕಳ್ಳ ಅಂತ ಹಿಡಿದೆ. ಲಕ್ಷಣಕ್ಕೂ ಇದಕ್ಕೂ ತಾಳೆ ಆಗುತ್ತದಾ ಅಂತ ಕೇಳಿಕೊಳ್ಳಲಿಲ್ಲ.

ಕ್ಯಾಬಿನೆಟ್ಟಿನ ಬೆನ್ನ ಹಿಂದೆ

ಮೂರನೆಯ ಭಾನುವಾರ. ಈ ಸಲ ಫೋನಿನಲ್ಲೇ ಕಟ್ಟುನಿಟ್ಟಾಗಿ ಹೇಳಿದ್ದೆ: "ಏನೂ ಮುಟ್ಟಬೇಡ. ಒಂದು ಕೇಬಲ್ಲೂ ಅಲುಗಾಡಬಾರದು." ಸತ್ತ ಸ್ಥಿತಿಯಲ್ಲೇ ಮಷಿನ್ ಸಿಗುವುದು ಅಪರೂಪ. ಬಿಚ್ಚಿದರೆ ಸಾಕ್ಷಿ ಹೋಯಿತು.

ಪ್ರೊಸೆಸರಿಗೆ ಕರೆಂಟ್ ಬರುವ ದಾರಿ ಬೇರೆ ಅಂತ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. 24 ಪಿನ್ನಿನ ದಪ್ಪ ಕೇಬಲ್ ಬೋರ್ಡಿಗೆ. ಪ್ರೊಸೆಸರಿಗೆಂದೇ ಇನ್ನೊಂದು, ಬೋರ್ಡಿನ ಮೇಲ್ಭಾಗದ ಎಡ ಮೂಲೆಯಲ್ಲಿ. 8 ಪಿನ್ನಿನದು, ಅಗ್ಗದ ಬೋರ್ಡುಗಳಲ್ಲಿ 4 ಪಿನ್ನಿನದು. ಹಳದಿ ವೈರು 12 ವೋಲ್ಟ್, ಕಪ್ಪು ವೈರು ಗ್ರೌಂಡ್. ಇದು ಇಲ್ಲದಿದ್ದರೂ ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ. ಡಿಸ್‌ಪ್ಲೇ ಬರುವುದಿಲ್ಲ, ಸಿಪಿಯು ದೀಪ ಹತ್ತುತ್ತದೆ. ಅವನ ಮಷಿನ್ ತೋರಿಸುತ್ತಿದ್ದ ಲಕ್ಷಣ ಅಕ್ಷರಶಃ ಇದೇ. ಮೊದಲ ದಿನವೇ ಇದು ಹೊಳೆಯಬೇಕಿತ್ತು. ಕೇಬಲ್ ಬೋರ್ಡಿಗೆ ಗಟ್ಟಿಯಾಗಿ ಕೂತಿದೆ ಅಂತ ಕಣ್ಣಲ್ಲಿ ನೋಡಿ ಸುಮ್ಮನಾಗಿದ್ದೆ.

ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟೆ. ಕಪ್ಪು ಕಡ್ಡಿ ಕ್ಯಾಬಿನೆಟ್ಟಿನ ಸ್ಕ್ರೂಗೆ. ಕೆಂಪು ಕಡ್ಡಿಯನ್ನು ಕೇಬಲ್ ಚುಚ್ಚಿದಂತೆಯೇ ಇರುವಾಗ, ಹಳದಿ ವೈರು ಒಳಹೋಗುವ ತೂತಿನಲ್ಲಿ ಹಿಂದಿನಿಂದ ಮೆಲ್ಲಗೆ ಇಳಿಸಿದೆ. ಅವನು ಬಟನ್ ಒತ್ತಿದ. 0.4 ವೋಲ್ಟ್. ಹಾರ್ಡ್ ಡಿಸ್ಕಿನ ಕಡೆ ಹೋಗುವ ಖಾಲಿ ಕನೆಕ್ಟರಿನಲ್ಲಿ ಹಳದಿ ಅಳೆದೆ. 12.1. ಎಸ್‌ಎಂಪಿಎಸ್ 12 ಕೊಡುತ್ತಿದೆ, ಪ್ರೊಸೆಸರಿಗೆ ಏನೂ ತಲುಪುತ್ತಿಲ್ಲ. ನಡುವೆ ಎಲ್ಲೋ ತುಂಡಾಗಿದೆ.

ಹಿಂದಿನ ಬಾಗಿಲು ತೆಗೆದೆವು. ಎಸ್‌ಎಂಪಿಎಸ್ ಕ್ಯಾಬಿನೆಟ್ಟಿನ ತಳದಲ್ಲಿತ್ತು. ಅದರ ಪ್ರೊಸೆಸರ್ ಕೇಬಲ್ ಮೇಲಿನ ಮೂಲೆಯವರೆಗೆ ಎಟುಕುತ್ತಿರಲಿಲ್ಲ, ಅದಕ್ಕೆ ಜೋಡಿಸುವ ದಿನವೇ ನೂರೈವತ್ತು ರೂಪಾಯಿಯ ಎಕ್ಸ್‌ಟೆನ್ಷನ್ ಕೇಬಲ್ ಹಾಕಿದ್ದ. ಆಮೇಲೆ ಮರೆತೂ ಹೋಗಿದ್ದ. ಎರಡು ಕನೆಕ್ಟರ್ ಸೇರುವ ಜಾಗ ಬೋರ್ಡಿನ ಹಿಂದೆ, ಜಿಪ್‌ಟೈ ಗೊಂಚಲಿನ ನಡುವೆ ಸಿಕ್ಕಿಕೊಂಡಿತ್ತು. ಕತ್ತರಿಸಿ ಹೊರಗೆಳೆದಾಗ ಬಿಳಿ ಪ್ಲಾಸ್ಟಿಕ್ ಒಂದು ಬದಿ ಸೀದ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮೂಗಿಗೆ ಹಿಡಿದರೆ ಸುಟ್ಟ ವಾಸನೆ. ಎಳೆದರೆ ಬರಲಿಲ್ಲ, ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದವು. ಬೆರಳಲ್ಲಿ ಒತ್ತಿ ಹಿಡಿದು ಬಟನ್ ಒತ್ತು ಅಂದೆ. ಡಿಸ್‌ಪ್ಲೇ ಬಂತು. ಬಿಟ್ಟೆ, ಹೋಯಿತು.

ಒಳಗಿನ ತಗಡಿನ ಕೊಳವೆ ಅಗಲವಾಗಿ, ಪಿನ್ನು ಅದರಲ್ಲಿ ಸಡಿಲವಾಗಿ ಕೂತಿತ್ತು. 4 ಪಿನ್ನಿನ ಕೇಬಲ್ಲಿನಲ್ಲಿ ಹಳದಿ ಎರಡೇ. ಒಂದು ಮೊದಲು ಸುಟ್ಟಿದೆ, ಇಡೀ ಭಾರ ಇನ್ನೊಂದರ ಮೇಲೆ ಬಿದ್ದಿದೆ, ಆಮೇಲೆ ಅದೂ ಸುಟ್ಟಿದೆ. ಒತ್ತಿ ಹಿಡಿದು ಓಡಿಸುತ್ತಲೇ ಅಳೆದೆವು. ಸುಮ್ಮನಿದ್ದಾಗ ಬೋರ್ಡಿನ ಬದಿ 11.8. ರೆಂಡರ್ ಶುರು ಮಾಡಿದ ತಕ್ಷಣ 11.2. ಇಂಥ ಎಸ್‌ಎಂಪಿಎಸ್‌ಗಳಿಗೆ ಇರುವ ಎಟಿಎಕ್ಸ್ ನಿಯಮದ ಪ್ರಕಾರ 12 ವೋಲ್ಟ್ ಲೈನು ಐದು ಪರ್ಸೆಂಟ್ ಆಚೀಚೆ ಹೋಗಬಹುದು, ಅಂದರೆ 11.4ರಿಂದ 12.6. ಇದು ಕೆಳಗೆ ಬಿದ್ದಿದೆ. ಆ ಕನೆಕ್ಟರಿನಲ್ಲೇ 0.8 ವೋಲ್ಟ್ ಸೋರುತ್ತಿದೆ, ಹರಿಯುತ್ತಿರುವುದು ಸುಮಾರು 9 ಆಂಪಿಯರ್. ಗುಣಿಸಿದರೆ 7 ವ್ಯಾಟಿಗಿಂತ ಜಾಸ್ತಿ ಬಿಸಿ. ಒಂದು ಕಡಲೆಕಾಳಿನಷ್ಟು ಜಾಗದಲ್ಲಿ, ರಾತ್ರಿಯಿಡೀ, ಗಾಳಿಯಾಡದ ಮೂಲೆಯಲ್ಲಿ. ಪ್ಲಾಸ್ಟಿಕ್ ಸೀಯದೆ ಇನ್ನೇನಾಗುತ್ತದೆ?

ಅಂಗಡಿಯಲ್ಲಿ ಪ್ರತಿ ಸಲ ಪ್ರೊಸೆಸರ್ ಬದಲಿಸುವಾಗ ಈ ಕೇಬಲ್ಲನ್ನು ಎಳೆದು ಚುಚ್ಚಿದ್ದಾರೆ. ಎಳೆತಕ್ಕೆ ಹಿಂದಿನ ಜೋಡಣೆ ಅಲುಗಾಡಿ ಹೊಸ ಜಾಗದಲ್ಲಿ ತಾಗಿದೆ. ಮಷಿನ್ ಓಡಿದೆ. ಎಲ್ಲರೂ ಹೊಸ ಪ್ರೊಸೆಸರಿಗೆ ಕೈ ಮುಗಿದಿದ್ದಾರೆ.

ಸಾಫ್ಟ್‌ವೇರ್ ಏಕೆ ಹೇಳಲಿಲ್ಲ ಅಂತ ಕೇಳಬಹುದು. ಮಲ್ಟಿಮೀಟರ್ 11.2 ತೋರಿಸುವಾಗ ಅವನ ಪರದೆಯ ಮೇಲೆ ಎಚ್‌ಡಬ್ಲ್ಯೂಇನ್ಫೋ ಅನ್ನುವ, ವೋಲ್ಟೇಜ್ ತೋರಿಸುವ ಸಾಫ್ಟ್‌ವೇರ್ 12.09 ತೋರಿಸುತ್ತಿತ್ತು. ಆ ಬೋರ್ಡು 12 ವೋಲ್ಟನ್ನು ಅಳೆಯುವುದು ದಪ್ಪ ಕೇಬಲ್ಲಿನ ಕಡೆಯಿಂದ ಇರಬೇಕು. ಪರದೆಯ ಮೇಲಿನ ಅಂಕಿಯನ್ನು ನಂಬಿ ಕರೆಂಟ್ ಸರಿಯಿದೆ ಅಂತ ತೀರ್ಮಾನ ಮಾಡಬೇಡಿ. ಮುನ್ನೂರು ನಾನ್ನೂರು ರೂಪಾಯಿಯ ಮಲ್ಟಿಮೀಟರ್ ಸಾಕು ಇದಕ್ಕೆ.

ಎಕ್ಸ್‌ಟೆನ್ಷನ್ ಕಿತ್ತು ಎಸೆದೆವು. ಎಸ್‌ಎಂಪಿಎಸ್‌ನ ಸ್ವಂತ ಕನೆಕ್ಟರಿಗೂ ಬಿಸಿ ತಾಗಿತ್ತು, ಒಂದು ಕಡೆ ಸುಟ್ಟರೆ ಎದುರಿನದೂ ಕೆಟ್ಟ ಹಾಗೆ. ಉದ್ದ ಕೇಬಲ್ ಇರುವ ಬೇರೆ ಎಸ್‌ಎಂಪಿಎಸ್ ಹಾಕಿಸಿದ. ಒಂದು ಎಚ್ಚರಿಕೆ: ಕೇಬಲ್ ಬಿಚ್ಚಿ ಹಾಕುವ ಮಾದರಿಯ ಎಸ್‌ಎಂಪಿಎಸ್ ಆಗಿದ್ದರೆ ಹಳೆಯದರ ಕೇಬಲ್ಲನ್ನು ಹೊಸದಕ್ಕೆ ಚುಚ್ಚಬೇಡಿ. ಆಕಾರ ಒಂದೇ ಇರುತ್ತದೆ, ಒಳಗಿನ ವೈರಿನ ಕ್ರಮ ಬೇರೆ ಇರಬಹುದು. 12 ವೋಲ್ಟ್ ಹೋಗಬಾರದ ಕಡೆ ಹೋದರೆ ಒಂದೇ ಕ್ಷಣದಲ್ಲಿ ಎಲ್ಲ ಮುಗಿಯುತ್ತದೆ. ಎಸ್‌ಎಂಪಿಎಸ್‌ನ ಡಬ್ಬಿಯನ್ನಂತೂ ತೆರೆಯಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಜಾಸ್ತಿ ಉಳಿದಿರಬಹುದು.

ನಿಜವಾಗಿಯೇ ಸತ್ತಿದ್ದರೆ

ಇನ್ನೊಂದು ಬೋರ್ಡಿನಲ್ಲಿ ಹಾಕಿದರೂ ಏಳಲಿಲ್ಲ ಅಂದರೆ ಲೆಕ್ಕ ಬೇರೆ. ಆಗ ಕೊಂದದ್ದು ಹೆಚ್ಚಾಗಿ ವೋಲ್ಟೇಜ್. ಬಿಸಿಯ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಈಗಿನ ಪ್ರೊಸೆಸರ್ 95ರಿಂದ 100 ಡಿಗ್ರಿ ಹತ್ತಿರ ಹೋದರೆ ವೇಗ ಇಳಿಸುತ್ತದೆ, ಅದೂ ಸಾಲದಿದ್ದರೆ ಆಫ್ ಆಗುತ್ತದೆ. ಕೂಲರ್ ಸಡಿಲವಿದ್ದರೆ ಮಷಿನ್ ನಿಧಾನವಾಗುತ್ತದೆ, ಸಾಯುವುದು ಅಪರೂಪ. ವೋಲ್ಟೇಜ್ ಹಾಗಲ್ಲ, ಅದು ಸದ್ದಿಲ್ಲದೆ ತಿಂಗಳುಗಟ್ಟಲೆ ಸವೆಸುತ್ತದೆ.

ಇದಕ್ಕೆ ಎರಡು ದೊಡ್ಡ ಉದಾಹರಣೆ ಎಲ್ಲರಿಗೂ ತಿಳಿದದ್ದೇ. 2023ರ ಏಪ್ರಿಲ್‌ನಲ್ಲಿ ಎಎಂಡಿಯ ರೈಝೆನ್ 7000 ಸರಣಿಯ ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್ಟಿನಲ್ಲೇ ಉಬ್ಬಿ ಸುಟ್ಟ ಚಿತ್ರಗಳು ಹೊರಬಂದವು. ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಪೋ ಆನ್ ಮಾಡಿದಾಗ ಬೋರ್ಡುಗಳು ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರಿನೊಳಗೆ ರ‍್ಯಾಮ್ ನೋಡಿಕೊಳ್ಳುವ ಭಾಗದ್ದು) ತಾವಾಗಿಯೇ ಏರಿಸುತ್ತಿದ್ದವು. ಆಮೇಲೆ ಬಯೋಸ್ ಅಪ್‌ಡೇಟ್ ಕೊಟ್ಟು ಅದನ್ನು 1.3 ವೋಲ್ಟಿಗೆ ಕಟ್ಟಿಹಾಕಿದರು. 2024ರಲ್ಲಿ ಇಂಟೆಲ್‌ನ ಸರದಿ. 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ 65 ವ್ಯಾಟ್ ಮತ್ತು ಅದರ ಮೇಲಿನವು ಹೆಚ್ಚು ವೋಲ್ಟೇಜ್ ಕೇಳಿ ಪಡೆದು ತಾವೇ ಸವೆಯುತ್ತಿದ್ದವು. ಆಗಸ್ಟ್‌ನಲ್ಲಿ 0ಎಕ್ಸ್129 ಮೈಕ್ರೋಕೋಡ್ (ಬಯೋಸ್ ಅಪ್‌ಡೇಟ್ ಜೊತೆ ಬರುವ, ಪ್ರೊಸೆಸರಿನ ಒಳಗಿನ ಸೂಚನೆಗಳ ತಿದ್ದುಪಡಿ) ಬಂತು, 1.55 ವೋಲ್ಟಿಗಿಂತ ಮೇಲೆ ಕೇಳದಂತೆ ತಡೆಯಿತು. ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಬಂತು. ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ಈ ಅಪ್‌ಡೇಟ್ ಮುಂದಿನ ಸವೆತ ತಡೆಯುತ್ತದೆ, ಆಗಲೇ ಸವೆದದ್ದನ್ನು ಸರಿ ಮಾಡುವುದಿಲ್ಲ. ಹಾಗಾಗಿ ಇಂಥ ಪ್ರೊಸೆಸರ್ ಬದಲಿಸಿ, ಬೋರ್ಡಿನ ಬಯೋಸ್ ಹಳೆಯದೇ ಉಳಿಸಿದರೆ ಎರಡನೆಯದೂ ಅದೇ ದಾರಿ ಹಿಡಿಯುತ್ತದೆ. ಒಂದಾದಮೇಲೊಂದು ಹೋಗುವುದಕ್ಕೆ ಇದಕ್ಕಿಂತ ನೇರ ಕಾರಣ ನಾನು ಕಂಡಿಲ್ಲ.

ಆ ಪೀಳಿಗೆಯ ಒಂದು ಲಕ್ಷಣ ಮಜವಾಗಿತ್ತು. ಕೆಲವು ಗೇಮ್‌ಗಳು ತೆರೆಯುವಾಗ 'ವಿಡಿಯೋ ಮೆಮೊರಿ ಸಾಲದು' ಅನ್ನುತ್ತಿದ್ದವು. ಜನ ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನಪಟ್ಟರು. ಸವೆದ ಪ್ರೊಸೆಸರ್ ಒತ್ತಿ ಕಟ್ಟಿದ ಡೇಟಾ ಬಿಚ್ಚುವಾಗ ತಪ್ಪುತ್ತಿತ್ತು, ಬೈಗುಳ ಮಾತ್ರ ಕಾರ್ಡಿಗೆ.

ಹೊಸ ಪ್ರೊಸೆಸರ್ ಕೂರಿಸುವ ಮುಂಚೆ ಬಯೋಸ್ ಹೊಸದು ಮಾಡಿ. ಹಿಂಬದಿಯಲ್ಲಿ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡಾದರೆ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಮಾಡಬಹುದು. ಆಮೇಲೆ ಎಲ್ಲ ಸೆಟ್ಟಿಂಗ್ ಡೀಫಾಲ್ಟ್. ಎಕ್ಸ್‌ಎಂಪಿ (ಇದೂ ಎಕ್ಸ್‌ಪೋ ತರದ್ದೇ), ಎಕ್ಸ್‌ಪೋ, ವೇಗ ಏರಿಸುವ ಓವರ್‌ಕ್ಲಾಕ್, ಬೋರ್ಡಿನ ಕಂಪನಿ ಕೊಡುವ 'ಟರ್ಬೋ' ತರದ್ದು, ಯಾವುದೂ ಬೇಡ. ಎರಡು ವಾರ ಹಾಗೇ ಓಡಿಸಿ. ಆ ಎರಡು ವಾರದಲ್ಲಿ ಎಚ್‌ಡಬ್ಲ್ಯೂಇನ್ಫೋದಲ್ಲಿ ಕೋರ್ ವೋಲ್ಟೇಜಿನ ಗರಿಷ್ಠ ಅಂಕಿ ಬರೆದಿಡಿ. ಆಮೇಲೆ ಒಂದೊಂದೇ ಆನ್ ಮಾಡಿ, ಅಂಕಿ ಎಷ್ಟು ಜಿಗಿಯಿತು ನೋಡಿ.

ಬೋರ್ಡಿನ ಮೇಲೂ ಕಣ್ಣಿಡಿ. ಸಾಕೆಟ್ಟಿನ ಸುತ್ತ ಇರುವ ವಿಆರ್‌ಎಂ ಭಾಗ 12 ವೋಲ್ಟನ್ನು ಒಂದು ಚಿಲ್ಲರೆ ವೋಲ್ಟಿಗೆ ಇಳಿಸುತ್ತದೆ. ಅಲ್ಲಿನ ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಸಣ್ಣ ಭಾಗ) ಒಂದು ಶಾರ್ಟ್ ಆದರೆ 12 ವೋಲ್ಟ್ ನೇರವಾಗಿ ಪ್ರೊಸೆಸರಿಗೆ ನುಗ್ಗಬಹುದು. ಅಂಥ ಬೋರ್ಡಿನ ಮೇಲೆ ಎಷ್ಟು ಪ್ರೊಸೆಸರ್ ಹಾಕಿದರೂ ಅಷ್ಟನ್ನೂ ತಿನ್ನುತ್ತದೆ. ಸುಟ್ಟ ಗುರುತು, ಉಬ್ಬಿದ ಕೆಪಾಸಿಟರ್, ಸಾಕೆಟ್ಟಿನಲ್ಲಿ ಕಪ್ಪು ಕಲೆ, ಇವುಗಳಲ್ಲಿ ಒಂದು ಕಂಡರೂ ಒಳ್ಳೆಯ ಪ್ರೊಸೆಸರನ್ನು ಆ ಬೋರ್ಡಿಗೆ ಕೂರಿಸಿ ನೋಡುವ ಧೈರ್ಯ ಮಾಡಬೇಡಿ. ಪ್ರೊಸೆಸರನ್ನು ಒಳ್ಳೆಯ ಬೋರ್ಡಿನಲ್ಲಿ ಪರೀಕ್ಷಿಸಿ, ಉಲ್ಟಾ ಬೇಡ.

ಸಿಡಿಲಿನ ವಿಷಯ ಮಲೆನಾಡಿನವರಿಗೆ ಹೇಳಬೇಕಿಲ್ಲ. ಏಪ್ರಿಲ್ ಮೇ ತಿಂಗಳ ಗುಡುಗಿಗೆ ಪ್ಲಗ್ ಕೀಳುತ್ತಾರೆ, ಬ್ರಾಡ್‌ಬ್ಯಾಂಡ್ ಕೇಬಲ್ ಮರೆಯುತ್ತಾರೆ. ತಾಮ್ರದ ಲೈನಿದ್ದರೆ ಅದನ್ನೂ ಕೀಳಿ. ಸಿಡಿಲಿಗೆ ಸಿಕ್ಕಿದರೆ ಪ್ರೊಸೆಸರ್ ಒಂದೇ ಹೋಗುವುದಿಲ್ಲ, ಲ್ಯಾನ್ ಪೋರ್ಟೋ ಬೋರ್ಡೋ ಜೊತೆಗೆ ಹೋಗಿರುತ್ತದೆ. ಇನ್ನು ಕೈಯ ಸ್ಟ್ಯಾಟಿಕ್‌ನಿಂದ ಹೋಯಿತು ಅನ್ನುವವರಿದ್ದಾರೆ. ಜುಲೈ ತಿಂಗಳ ಸಾಗರದಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಅಲ್ಲಿ ಸ್ಟ್ಯಾಟಿಕ್ ಕಥೆ ನಾನು ನಂಬುವುದು ಕಷ್ಟ. ಬೇಸಿಗೆಯ ಕಲಬುರಗಿ ಆದರೆ ಯೋಚಿಸೋಣ.

ಪಿನ್ನು ಪ್ರೊಸೆಸರಿನಲ್ಲೇ ಇರುವ ಮಾದರಿಯಲ್ಲಿ ಕೂಲರ್ ತೆಗೆಯುವಾಗ ಒಂದು ಅಪಾಯ ಇದೆ. ಪೇಸ್ಟ್ ಒಣಗಿ ಅಂಟಿಕೊಂಡು, ಲಾಕ್ ಹಾಕಿದ್ದರೂ ಪ್ರೊಸೆಸರ್ ಕೂಲರಿನ ಜೊತೆ ಕಿತ್ತು ಬರುತ್ತದೆ. ಪಿನ್ ಬಗ್ಗುವುದು ಆಗಲೇ. ಹತ್ತು ನಿಮಿಷ ಮಷಿನ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿ ಬಿಡಿಸಿ. ನೇರ ಮೇಲಕ್ಕೆ ಎಳೆಯಬೇಡಿ.

ಸರಿಯಾಯಿತು ಅಂತ ಹೇಳುವುದು ಯಾವಾಗ?

ಇಂಥ ದೋಷ ನಾಲ್ಕು ತಿಂಗಳಿಗೊಮ್ಮೆ ಮುಖ ತೋರಿಸುತ್ತದೆ. ಒಂದು ವಾರ ಓಡಿತು ಅನ್ನುವುದಕ್ಕೆ ಬೆಲೆಯಿಲ್ಲ. ಅವನಿಗೆ ಒಂದು ಕೆಲಸ ಹಚ್ಚಿದೆ. ತಿಂಗಳಿಗೊಮ್ಮೆ, ಅರ್ಧ ಗಂಟೆ ರೆಂಡರ್ ಓಡಿದ ಮೇಲೆ, ಪ್ರೊಸೆಸರ್ ಕೇಬಲ್ಲಿನ ಕನೆಕ್ಟರನ್ನು ಬೆರಳಲ್ಲಿ ಮುಟ್ಟಿ ನೋಡಬೇಕು. ಉಗುರು ಬೆಚ್ಚಗಿದ್ದರೆ ಪರವಾಗಿಲ್ಲ, ಬೆರಳು ಇಡಲಾಗದಿದ್ದರೆ ತಕ್ಷಣ ಆಫ್. ಆಮೇಲೆ ಹಿಂದಿನಿಂದ ಕಡ್ಡಿ ಇಳಿಸಿ 12 ವೋಲ್ಟ್ ಅಳೆದು, ಆಲ್ಬಂ ಆರ್ಡರ್ ಬರೆಯುವ ಡೈರಿಯಲ್ಲೇ ತಾರೀಖಿನ ಜೊತೆ ಬರೆಯಬೇಕು.

ಮೊನ್ನೆ ಹಬ್ಬಕ್ಕೆ ಹೋದಾಗ ಡೈರಿ ತಿರುವಿದೆ. ಆರು ತಿಂಗಳ ಆರು ಅಂಕಿ ಇದ್ದವು. ರೆಂಡರ್ ಹೊತ್ತಿನಲ್ಲಿ ಅತಿ ಕಮ್ಮಿ ಅಂದರೆ 11.96. ಲಾಗಿನಲ್ಲಿ ಹೊಸ 41 ಒಂದೇ ಒಂದು, ಅದು ಕರೆಂಟ್ ಹೋದ ದಿನದ್ದು.

"ಇನ್ನೊಂದು ಪ್ರೊಸೆಸರ್ ಏನು ಮಾಡ್ದೆ?" ಅಂತ ಕೇಳಿದೆ.

"ಅದಕ್ಕೊಂದು ಸೆಕೆಂಡ್ ಹ್ಯಾಂಡ್ ಬೋರ್ಡ್ ನೋಡ್ತಿದೀನಿ ಮಾವ. ಆಲ್ಬಂ ಡಿಸೈನಿಗೆ ಬೇರೆ ಮಷಿನ್ ಆಗುತ್ತೆ. ಕೇಬಲ್ ಉದ್ದ ಅಳೆದು ಎಸ್‌ಎಂಪಿಎಸ್ ತಗೋತೀನಿ" ಅಂದ.